ಜಗಲಿಗೆ ತಂದ ಕಂಪ್ಯೂಟರ್

ಅಗರ
4 ಆಗಸ್ಟ್ 2025

ಶಾಂತರಾಜು,

ಅಕ್ಷರ ನೋಡಿಯೇ ಈ ಕಾಗದ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಕೊಳ್ಳೇಗಾಲದ ನಮ್ಮ ಕಂಪ್ಯೂಟರ್ ಕ್ಲಾಸಿನ ಬೋರ್ಡು ಬರೆದದ್ದು ನಾನೇ. ಇಪ್ಪತ್ತೆರಡು ವರ್ಷದಲ್ಲಿ ಅಕ್ಷರ ಬದಲಾಗಿಲ್ಲ. ಉಳಿದದ್ದರ ಬಗ್ಗೆ ಹೇಳಲಾರೆ.

ಹನೂರಿನಲ್ಲಿ ನೀನು ರಿಪೇರಿ ಅಂಗಡಿ ಇಟ್ಟಿರುವುದು ಗೊತ್ತಿತ್ತು. ಹೋದ ವರ್ಷ ಬೆಟ್ಟಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿದೆ. ನೀನು ಯಾವುದೋ ಸರ್ಕ್ಯೂಟ್ ಬೋರ್ಡಿನ ಮೇಲೆ ಬಗ್ಗಿ ಕೂತಿದ್ದೆ. ಬಸ್ಸು ನಿಂತಿತ್ತು, ನಾನು ಇಳಿಯಲಿಲ್ಲ. ಹೋದ ತಿಂಗಳು ಮೂರು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ.

ನನಗೊಂದು ಗೇಮಿಂಗ್ ಕಂಪ್ಯೂಟರ್ ಬೇಕು. ಮಗಳಿಗಲ್ಲ, ನನಗೆ. ನಲವತ್ತೇಳು ವಯಸ್ಸಿನ ಗುಮಾಸ್ತನಿಗೆ ಏಕೆ ಎಂದು ನೀನು ಕೇಳುವ ಮೊದಲೇ ಹೇಳುತ್ತೇನೆ: ಕೆಲವು ತಿಂಗಳಿಂದ ನನಗೆ ಎಲ್ಲಿಯೂ ಕೂರಲು ಆಗುತ್ತಿಲ್ಲ. ಯಳಂದೂರಿನ ಆಫೀಸಿನಲ್ಲಿ ಫೈಲು ತೆರೆಯುತ್ತೇನೆ, ಏಳುತ್ತೇನೆ, ಕಿಟಕಿಯ ಹತ್ತಿರ ಹೋಗುತ್ತೇನೆ, ಬಂದು ಅದೇ ಫೈಲು ತೆರೆಯುತ್ತೇನೆ. ಮನೆಯಲ್ಲಿ ಹಿತ್ತಲಿಗೂ ಬೀದಿಬಾಗಿಲಿಗೂ ನಡೆಯುತ್ತಿರುತ್ತೇನೆ. ಡಾಕ್ಟರು ಶುಗರ್ ಇಲ್ಲ, ಬಿಪಿ ಇಲ್ಲ ಎಂದರು. ನಾನು ಕೂತಲ್ಲೇ ಕೂತಿದ್ದದ್ದು ಯಾವಾಗ ಎಂದು ಯೋಚಿಸಿದೆ. ಕ್ಲಾಸು ಮುಗಿದ ಮೇಲೆ ನಾವಿಬ್ಬರೂ ಒಂದೇ ಕೀಬೋರ್ಡಿನಲ್ಲಿ ಆಡುತ್ತಿದ್ದ ಕಾರಿನ ಆಟ ನೆನಪಾಯಿತು. ಬಲಗಡೆಯ ಬಾಣದ ಕೀಲಿಗಳು ನಿನ್ನವು, ಎಡಗಡೆಯ ಅಕ್ಷರಗಳು ನನ್ನವು.

ವಿಡಿಯೋಗಳನ್ನು ನೋಡಿ ಒಂದು ಪಟ್ಟಿ ಮಾಡಿದ್ದೇನೆ. ಜೊತೆಗಿಟ್ಟಿದ್ದೇನೆ. ನಲವತ್ತೈದು ಸಾವಿರ ದಾಟುವಂತಿಲ್ಲ. ಆಡುವಾಗ ಕೈಯಲ್ಲಿ ಹಿಡಿಯುವ ಕಂಟ್ರೋಲರ್ ಎರಡು ಇರಲಿ.

ಶಿವಕುಮಾರಸ್ವಾಮಿ

*

ಹನೂರು
13 ಆಗಸ್ಟ್ 2025

ಶಿವಕುಮಾರಸ್ವಾಮಿ ಅವರಿಗೆ,

ನಿಮ್ಮ ಪಟ್ಟಿ ನೋಡಿದೆ. ಮದುವೆ ಮನೆಯ ಸೀರಿಯಲ್ ಸೆಟ್ಟಿನ ಪಟ್ಟಿಯ ಹಾಗಿದೆ. ಕ್ಯಾಬಿನೆಟ್ಟಿಗೆ ಗಾಜಿನ ಬಾಗಿಲು, ಫ್ಯಾನಿಗೆ ಬಣ್ಣದ ದೀಪ, ಮೌಸಿಗೂ ಬಣ್ಣದ ದೀಪ. ಆಟ ಆಡಿಸುವುದು ಗ್ರಾಫಿಕ್ಸ್ ಕಾರ್ಡು. ಅದಕ್ಕೆ ನೀವು ಉಳಿಸಿರುವುದು ಚಿಲ್ಲರೆ. ಮೊದಲ ಸಲ ಕೊಳ್ಳುವವರೆಲ್ಲ ಹೀಗೇ ಮಾಡುತ್ತಾರೆ, ನಾಚಿಕೆ ಬೇಡ.

ದೀಪಗಳನ್ನೆಲ್ಲ ಹೊಡೆದುಹಾಕಿದ್ದೇನೆ. ತಗಡಿನ ಕ್ಯಾಬಿನೆಟ್ ಸಾಕು, ಮುಂದೆ ಗಾಳಿಯಾಡುವ ಜಾಲರಿ ಇರಬೇಕು. ಗ್ರಾಫಿಕ್ಸ್ ಕಾರ್ಡು, ಪ್ರೊಸೆಸರ್ ಎರಡೂ ಸೆಕೆಂಡ್ ಹ್ಯಾಂಡ್ ಆಗಲಿ, ನಾನು ಓಡಿಸಿ ನೋಡಿ ಕಳಿಸುತ್ತೇನೆ. ಪವರ್ ಸಪ್ಲೈ ಮಾತ್ರ ಹೊಸದು, ಒಳ್ಳೆಯದು. ನೀವು ಅದರಲ್ಲಿ ಉಳಿಸಲು ಹೋಗಿದ್ದೀರಿ. ಅಗರದ ಕರೆಂಟ್ ಹೇಗಿದೆ ಎಂದು ನಾನು ಒಂದು ಸಲ ನೋಡಿದ್ದೇನೆ. ಒಬ್ಬರಿಗೆ ಎರಡು ಕಂಟ್ರೋಲರ್ ಏಕೆ? ಒಂದನ್ನು ತೆಗೆದಿದ್ದೇನೆ.

ಫೋನ್ ಮಾಡಬೇಡಿ. ಬರೆಯುವಾಗ ನಾನು ಬೇಡದ್ದನ್ನು ಹೊಡೆದುಹಾಕಬಲ್ಲೆ. ಬಾಯಿಗೆ ಆ ಅನುಕೂಲ ಇಲ್ಲ.

ಸಾಮಾನು ಸಿಕ್ಕಿದ ಹಾಗೆ ಒಂದೊಂದೇ ಕಳಿಸುತ್ತೇನೆ. ಬೆಳಗಿನ ಬಸ್ಸಿನ ಕಂಡಕ್ಟರ್ ಮಾದೇಶ ನಿಮ್ಮೂರ ಪಕ್ಕದ ಮಾಂಬಳ್ಳಿ ಸ್ಟಾಪಿನಲ್ಲಿ ಇಳಿಸುತ್ತಾನೆ. ಜೋಡಿಸುವುದು ನೀವೇ. ನಾನು ಬರೆದು ತಿಳಿಸುತ್ತೇನೆ, ಆದರೆ ಅಗರಕ್ಕೆ ಬರುವುದಿಲ್ಲ. ಏಕೆಂದು ನಿಮಗೆ ಗೊತ್ತು.

ಶಾಂತರಾಜು

*

ಅಗರ
24 ಆಗಸ್ಟ್ 2025

ಶಾಂತರಾಜು,

ಕ್ಯಾಬಿನೆಟ್ ಬಂತು. ಮಾದೇಶ ಅದನ್ನು ಇಳಿಸುತ್ತಾ, ‘ಏನ್ ಸಾ ಇದು, ಕೋಳಿ ಗೂಡಾ?’ ಎಂದ. ಜಾಲರಿ ನೋಡಿದರೆ ಹಾಗೇ ಇದೆ. ನಡುಮನೆಯ ಪಕ್ಕದ ಕೋಣೆಯಲ್ಲಿಟ್ಟಿದ್ದೇನೆ.

ನೀನು ‘ನೀವು’ ಎಂದು ಬರೆದದ್ದನ್ನು ಎರಡು ಸಲ ಓದಿದೆ. ತಪ್ಪಿ ಬಿದ್ದ ಮಾತಲ್ಲ, ಪುಟದ ತುಂಬ ಇದೆ.

ಏಕೆಂದು ನನಗೆ ಗೊತ್ತು ಎಂದಿದ್ದೀಯ. ಇಷ್ಟು ವರ್ಷದ ಮೇಲೆ ನನಗೆ ನೆನಪಿರುವುದೂ ನಿನಗೆ ನೆನಪಿರುವುದೂ ಒಂದೇ ಇರಬೇಕೆಂದಿಲ್ಲ. ಅವ್ವ ಆ ಕಾಲದವಳು. ಈಗ ಎಪ್ಪತ್ತೆಂಟು. ಅವಳನ್ನು ಮುಂದಿಟ್ಟುಕೊಂಡು ನಾವಿಬ್ಬರೂ ಮುದುಕರಾಗುತ್ತಿದ್ದೇವೆ ಅನ್ನಿಸುತ್ತದೆ.

ಗ್ರಾಫಿಕ್ಸ್ ಕಾರ್ಡು ನಾಲ್ಕು ಜಿಬಿಯದು ಸಾಕೋ, ಎಂಟರದೇ ಬೇಕೋ? ಇದೊಂದು ಪ್ರಶ್ನೆ ಹಿಡಿದುಕೊಂಡು ಮೂರು ದಿನ ಹಿತ್ತಲಿಗೂ ಬೀದಿಬಾಗಿಲಿಗೂ ನಡೆದಿದ್ದೇನೆ.

ನಿನ್ನ,
ಶಿವಕುಮಾರ

*

ಹನೂರು
6 ಸೆಪ್ಟೆಂಬರ್ 2025

ಶಿವಕುಮಾರಸ್ವಾಮಿ,

ಎಂಟು ಜಿಬಿಯದೇ ಇರಲಿ. ನಾಲ್ಕರದ್ದು ಕೊಂಡರೆ ಮುಂದಿನ ವರ್ಷ ಮತ್ತೆ ನನಗೆ ಕಾಗದ ಬರೆಯಬೇಕಾಗುತ್ತದೆ. ಈ ಕಾಗದದ ಜೊತೆ ಮದರ್‌ಬೋರ್ಡ್ ಮತ್ತು ಪವರ್ ಸಪ್ಲೈ ಇವೆ. ‘ಇಂಜಿನ್ ಬಾನೆಟ್ ಮ್ಯಾಲೆ ಮಡಗ್ಬ್ಯಾಡ ಕಣ್ಲಾ, ಬೆಂದೋಯ್ತದೆ’ ಎಂದು ಮಾದೇಶನಿಗೆ ಹೇಳಿದ್ದೇನೆ.

ನೆನಪು ಬೇರೆ ಬೇರೆ ಇರಬಹುದು ಎಂದೆ. ನನ್ನದನ್ನು ಬರೆಯುತ್ತೇನೆ, ಸರಿ ಇದೆಯೋ ನೋಡು.

2003. ನಿಮ್ಮ ಮನೆಯ ಮೊದಲ ಕಂಪ್ಯೂಟರ್ ಕೆಟ್ಟಿತ್ತು. ಬಂದು ನೋಡು ಎಂದು ನೀನೇ ಕರೆದೆ. ಎರಡು ವರ್ಷ ಒಂದೇ ಕ್ಲಾಸು ನಡೆಸಿದ್ದೆವು, ಒಂದೇ ಬುತ್ತಿಯಲ್ಲಿ ಉಂಡಿದ್ದೆವು. ನಿಮ್ಮೂರಿಗೆ ನಾನು ಬಂದದ್ದು ಅದೇ ಮೊದಲು. ಬೀದಿಬಾಗಿಲಿಗೆ ಬಂದು ಚಪ್ಪಲಿ ಬಿಡುತ್ತಿದ್ದೆ. ಒಳಗೆ ನಿಮ್ಮವ್ವ ಏನೋ ಅಂದರು, ನನಗೆ ಕೇಳಿಸಲಿಲ್ಲ. ಆಮೇಲೆ ನೀನು ಮಾನಿಟರನ್ನು ಎದೆಗವುಚಿಕೊಂಡು ಈಚೆಗೆ ಬಂದೆ. ಆ ಕಾಲದ ಮಾನಿಟರ್, ಹದಿನೈದು ಕೆಜಿ ಇತ್ತು. ಮತ್ತೆ ಹೋಗಿ ಕ್ಯಾಬಿನೆಟ್ ತಂದೆ. ಕಿಟಕಿಯೊಳಗಿಂದ ವೈರು ಎಳೆದೆ. ಜಗಲಿಯ ಮೇಲೆ ಎಲ್ಲ ಜೋಡಿಸಿ, ‘ಒಳಗೆ ಸೆಕೆ ಕಣೋ, ಇಲ್ಲಿ ಗಾಳಿ ಇದೆ’ ಎಂದೆ.

ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ನಾನು ರಿಪೇರಿ ಮಾಡಿದೆ. ಆವತ್ತಿನ ವೋಲ್ಟೇಜು ಕೂಡ ನೆನಪಿದೆ, ನೂರ ಎಪ್ಪತ್ತು.

ನಿಮ್ಮವ್ವನ ಮೇಲೆ ನನಗೆ ಏನೂ ಇಲ್ಲ. ನನ್ನಂಥವನು ಹೊಸ್ತಿಲು ದಾಟಬಾರದು ಎಂದು ಅವರು ತಿಳಿದಿದ್ದರು, ತಿಳಿದದ್ದನ್ನು ಅಂದರು. ಅಂಥವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಾನು ಕೇಳುವುದು ನಿನ್ನನ್ನು. ಆವತ್ತು ಒಳಗೆ ಸೆಕೆ ಇತ್ತೆ?

ಇದಕ್ಕೆ ಉತ್ತರ ಬರೆ. ಉಳಿದದ್ದು ನಾನು ಕೇಳಿಲ್ಲ.

ಶಾಂತರಾಜು

*

ಅಗರ
15 ಸೆಪ್ಟೆಂಬರ್ 2025

ಶಾಂತರಾಜು,

ಎರಡೂ ಸಾಮಾನು ಚೆನ್ನಾಗಿ ಬಂದವು. ಬೋರ್ಡಿನ ಹಿಂದೆ ಹಿತ್ತಾಳೆಯ ಸಣ್ಣ ಬುಡಗಳನ್ನು ಹಾಕಿಯೇ ತಿರುಪು ಬಿಗಿಯಬೇಕು, ತಗಡಿಗೆ ತಾಗಬಾರದು ಎಂದು ಓದಿದೆ. ಸರಿಯೆ?

ಡಬ್ಬ ಬಂದಾಗಲೆಲ್ಲ ಅವ್ವ ಹತ್ತಿರ ಬಂದು ಕೂರುತ್ತಾಳೆ. ದೀಪಶ್ರೀ, ನನ್ನ ಮಗಳು, ಎರಡನೆಯ ಪಿಯುಸಿ, ‘ಅಪ್ಪ, ನೀವು ಆಡೋಕೆ ಕೂತ್ರೆ ನಾನು ನಿಮಗೆ ಹೋಂವರ್ಕ್ ಕೇಳ್ತೀನಿ’ ಎನ್ನುತ್ತಾಳೆ.

ನಿನ್ನ ಕಾಗದದ ಇನ್ನೊಂದು ವಿಷಯಕ್ಕೆ ಬರೆಯಲು ಕೂತೆ. ನಾಲ್ಕು ಹಾಳೆ ಹರಿದೆ. ಮೊದಲ ಹಾಳೆಯಲ್ಲಿ ಆ ಕಾಲದ ಬಗ್ಗೆ ಇತ್ತು, ಎರಡನೆಯದರಲ್ಲಿ ಅಪ್ಪ ಆಗತಾನೆ ತೀರಿಕೊಂಡಿದ್ದ ಬಗ್ಗೆ, ಮೂರನೆಯದರಲ್ಲಿ ಅವ್ವನ ಬಗ್ಗೆ. ನಾಲ್ಕನೆಯದರಲ್ಲಿ ಏನಿತ್ತೋ ಮರೆತೆ. ಕೇಳಿದ್ದು ಒಂದೇ ಸಾಲಿನ ಪ್ರಶ್ನೆ ಎಂದು ಗೊತ್ತಿದೆ.

ಪ್ರೊಸೆಸರ್ ಯಾವಾಗ ಬರುತ್ತದೆ?

ಶಿವಕುಮಾರ

*

ಹನೂರು
26 ಸೆಪ್ಟೆಂಬರ್ 2025

ಶಿವಕುಮಾರಸ್ವಾಮಿ,

ಪ್ರೊಸೆಸರ್, ಅದರ ಮೇಲೆ ಕೂರುವ ಫ್ಯಾನು, ಗ್ರಾಫಿಕ್ಸ್ ಕಾರ್ಡು, ಮೆಮೊರಿ, ಎಸ್‌ಎಸ್‌ಡಿ, ಒಂದು ಕಂಟ್ರೋಲರ್. ಇಲ್ಲಿಗೆ ಪಟ್ಟಿ ಮುಗಿಯಿತು.

ಬುಡ ಹಾಕಿಯೇ ಬಿಗಿ. ಸರಿಯಾಗಿಯೇ ಓದಿದ್ದೀಯ.

ಪ್ರೊಸೆಸರ್ ವಿಷಯ ಗಮನವಿಟ್ಟು ಓದು. ಎರಡು ಬೆರಳಗಲದ ಬೆಳ್ಳಿ ಬಣ್ಣದ ಬಿಲ್ಲೆ ಅದು. ಎಲ್ಲ ಲೆಕ್ಕ ಮಾಡುವುದು ಅದೇ, ಬೇಗ ಕಾಯುತ್ತದೆ. ಆ ಶಾಖವನ್ನು ಫ್ಯಾನಿಗೆ ದಾಟಿಸಲು ಇವೆರಡರ ನಡುವೆ ಒಂದು ಪೇಸ್ಟ್ ಬಳಿಯುತ್ತೇವೆ. ಬಿಳಿಯದು, ಟೂತ್‌ಪೇಸ್ಟಿನ ಹಾಗಿರುತ್ತದೆ. ಸಣ್ಣ ಟ್ಯೂಬು ಇಟ್ಟಿದ್ದೇನೆ. ಕೆಲವರು ಕಡಲೆಕಾಳಿನಷ್ಟು ಇಟ್ಟು ಒತ್ತುತ್ತಾರೆ, ಕೆಲವರು ಗೆರೆ ಎಳೆಯುತ್ತಾರೆ. ನಾನು ಗೆರೆಯವನು. ತೆಳ್ಳಗಿರಬೇಕು. ಒಮ್ಮೆ ಬಳಿದದ್ದರ ಮೇಲೆ ಮತ್ತೆ ಬಳಿಯಬಾರದು.

ನಾಲ್ಕು ಹಾಳೆ ಹರಿದೆ ಎಂದು ಬರೆದಿದ್ದೀಯ. ಹರಿದದ್ದನ್ನೇ ಕಳಿಸಿದ್ದರೂ ಓದುತ್ತಿದ್ದೆ.

ಶಾಂತರಾಜು

*

ಅಗರ
5 ಅಕ್ಟೋಬರ್ 2025

ಶಾಂತರಾಜು,

ಡಬ್ಬಗಳು ಆಯುಧಪೂಜೆಗೆ ಎರಡು ದಿನ ಮುಂಚೆ ಬಂದವು. ಜೋಡಿಸಲು ನನ್ನ ಕೈ ತುರಿಸುತ್ತಿತ್ತು. ಪೂಜೆ ಆಗದೆ ತಿರುಪು ತಿರುಗಿಸಕೂಡದು ಎಂದು ಅವ್ವ ಹಿಡಿದುಬಿಟ್ಟಳು. ಸ್ಕೂಟರು, ಮಚ್ಚು, ಮಿಕ್ಸಿಯ ಜೊತೆ ನಿನ್ನ ಸಾಮಾನನ್ನೆಲ್ಲ ಬಿಚ್ಚಿ ಸಾಲಾಗಿ ಇಟ್ಟು ಕುಂಬಳಕಾಯಿ ಒಡೆದೆವು.

ಮರುದಿನ ಜೋಡಿಸಿದೆ. ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ ಕೂತಲ್ಲಿಂದ ಎದ್ದಿಲ್ಲ. ಇದನ್ನು ನಿನಗೆ ಹೇಳಬೇಕು ಅನ್ನಿಸಿತು. ಗುಂಡಿ ಒತ್ತಿದೆ, ಫ್ಯಾನುಗಳು ತಿರುಗಿದವು, ಪರದೆ ಬೆಳಗಿತು. ದೀಪಶ್ರೀ ಚಪ್ಪಾಳೆ ಹೊಡೆದಳು. ಸಂಜೆ ಕಾರಿನ ಆಟ ಹಾಕಿದೆ. ರಸ್ತೆಯ ಪಕ್ಕ ಒಂದೊಂದು ಹುಲ್ಲೂ ಕಾಣುತ್ತದೆ! ನಮ್ಮ ಕಾಲದಲ್ಲಿ ಹಸಿರು ಪಟ್ಟೆ ಇತ್ತು ಅಷ್ಟೆ.

ಎಂಟು ನಿಮಿಷ. ಆಮೇಲೆ ಏಕಾಏಕಿ ಆರಿಹೋಯಿತು. ಮತ್ತೆ ಹಾಕಿದೆ, ಏಳು ನಿಮಿಷ. ಎರಡು ದಿನದಿಂದ ಇದೇ ಕತೆ. ಕಾಗದ ಬರೆಯಲು, ಲೆಕ್ಕ ಮಾಡಲು ಹಾಕಿದರೆ ನಡೆಯುತ್ತದೆ. ಆಡಲು ಕೂತರೆ ಎಂಟನೆಯ ನಿಮಿಷಕ್ಕೆ ಕತ್ತಲೆ. ನಾನು ಮತ್ತೆ ಹಿತ್ತಲಿಗೂ ಬೀದಿಬಾಗಿಲಿಗೂ ನಡೆಯುತ್ತಿದ್ದೇನೆ.

ಶಿವಕುಮಾರ

*

ಹನೂರು
12 ಅಕ್ಟೋಬರ್ 2025

ಶಿವಕುಮಾರ,

ಪವರ್ ಸಪ್ಲೈ ಅಲ್ಲ, ಅದಾಗಿದ್ದರೆ ಸಮಯ ನೋಡಿ ಆರುತ್ತಿರಲಿಲ್ಲ. ಪ್ರೊಸೆಸರ್ ಕಾದು ತನ್ನನ್ನು ಉಳಿಸಿಕೊಳ್ಳಲು ಆರುತ್ತಿದೆ. ಪೇಸ್ಟ್ ಎಷ್ಟು ಬಳಿದೆ? ಹೇಗೆ ಬಳಿದೆ? ತಿಳಿಸುವ ತನಕ ಆಟ ಹಾಕಬೇಡ. ಬೆಂದುಹೋದರೆ ಆ ಬೆಲೆಗೆ ಇನ್ನೊಂದು ನನಗೆ ಸಿಗುವುದಿಲ್ಲ.

ಶಾಂತರಾಜು

*

ಅಗರ
17 ಅಕ್ಟೋಬರ್ 2025

ಶಾಂತರಾಜು,

ಪೇಸ್ಟ್ ನಾನು ಬಳಿಯಲಿಲ್ಲ. ನೀನೇ ಬಳಿದು ಕಳಿಸಿದ್ದೆಯಲ್ಲ? ಬಿಲ್ಲೆಯ ಮೇಲೆ ಬೆಳ್ಳಗೆ ಮೂರು ಗೆರೆ ಇದ್ದವು, ತೆಳ್ಳಗೆ. ಅಂಗಡಿಯಲ್ಲಿ ಓಡಿಸಿ ನೋಡುವಾಗ ಹಾಕಿದ್ದಿರಬೇಕು, ಗೆರೆಯವನು ಎಂದು ನೀನೇ ಬರೆದಿದ್ದೆಯಲ್ಲ ಎಂದುಕೊಂಡೆ. ಬಳಿದದ್ದರ ಮೇಲೆ ಬಳಿಯಬೇಡ ಎಂದಿದ್ದೆ. ಟ್ಯೂಬಿನ ಮುಚ್ಚಳವನ್ನೂ ತೆಗೆದಿಲ್ಲ.

ಶಿವಕುಮಾರ

*

ಹನೂರು
22 ಅಕ್ಟೋಬರ್ 2025

ಶಿವಕುಮಾರ,

ನಾನು ಒರೆಸಿ, ಕನ್ನಡಿಯ ಹಾಗೆ ಮಾಡಿ ಕಳಿಸಿದ್ದೆ.

ಮೂರು ಗೆರೆ ಎಂದೆಯಲ್ಲ. ಪೂಜೆಗಿಟ್ಟಿದ್ದೆ ಎಂದೂ ಬರೆದಿದ್ದೆ. ಆ ಮೂರು ಗೆರೆಯನ್ನು ನೀನು ಹುಟ್ಟಿದಾಗಿನಿಂದ ನಿಮ್ಮವ್ವನ ಹಣೆಯಲ್ಲಿ ನೋಡುತ್ತಿದ್ದೀಯ. ಒಂದು ಸಲ ಕೇಳು.

ಶಾಂತರಾಜು

*

ಅಗರ
29 ಅಕ್ಟೋಬರ್ 2025

ಶಾಂತರಾಜು ಅಂಕಲ್‌ಗೆ ದೀಪಶ್ರೀಯ ನಮಸ್ಕಾರ. ನಮ್ಮಜ್ಜಿ ಹೇಳಿದ ಹಾಗೇ ಬರೆಯುತ್ತಿದ್ದೇನೆ. ತಿದ್ದಬಾರದು ಎಂದು ಆರ್ಡರ್ ಆಗಿದೆ. ಅಪ್ಪನಿಗೆ ಈ ಕಾಗದದ ವಿಷಯ ಗೊತ್ತಿಲ್ಲ.

ಶಾಂತರಾಜಪ್ಪ, ನಾನು ಗುರುಬಸಮ್ಮ. ಆ ಬಿಳೀದು ಬಳ್ದಿದ್ದು ನಾನೇ ಕಣಪ್ಪ. ಪೂಜೆ ದಿನ ಎಲ್ಲದ್ಕೂ ವಿಭೂತಿ ಇಕ್ತಾ ಬಂದೆ. ಆ ಪುಟಾಣಿ ಬಿಲ್ಲೆ ನೋಡಿ, ಇದ್ಯಾವುದವ್ವಾ ಅಂದೆ. ಇದೇ ಅಜ್ಜಿ ಇದ್ರ ತಲೆ, ಯೋಚ್ನೆ ಮಾಡೋದೆಲ್ಲ ಇದೇಯ ಅಂದ್ಲು ಈ ಮೊಗ. ತಲೆ ಅಂದ್ಮೇಲೆ ಹಣೆ ಇರ್ಬೇಕಲ್ಲ. ನೀರಲ್ಲಿ ಕಲ್ಸಿ ಚೆಂದಾಗಿ ಎಳ್ದೆ. ಕೆಡಿಸಬೇಕು ಅಂತ ಮಾಡಿದ್ದಲ್ಲ. ಮೊನ್ನೆ ನನ್ನ ಮಗ ಬಂದು ಕೇಳ್ದಾಗ ಗೊತ್ತಾಯ್ತು. ಅವನು ನಗ್ಲೂ ಇಲ್ಲ, ಬಯ್ಲೂ ಇಲ್ಲ. ಎದ್ದು ಹಿತ್ಲಿಗೆ ಹೋದ.

ಇನ್ನೊಂದು ಮಾತು. ಡಬ್ಬ ಡಬ್ಬ ಬತ್ತಾವೆ, ಕಳಿಸ್ದೋನು ಯಾಕೆ ಬರಲ್ಲ ಅಂತ ಕೇಳ್ದೆ. ಬಾಯಿ ಬಿಡ್ನಿಲ್ಲ. ನಿನ್ನ ಕಾಗ್ದ ಅವನ ಮೇಜಿನ ಮ್ಯಾಲಿತ್ತು, ಈ ಮೊಗದ ಕೈಲಿ ಓದಿಸ್ದೆ. ಅದ್ಕೆ ಬಯ್ಯದಾದ್ರೆ ನನ್ನ ಬಯ್ಯಿ, ಮೊಗ ಬ್ಯಾಡ ಅಂತಾನೇ ಅಂತು. ಅವತ್ತು ನಿನ್ನ ಒಳಕ್ಕೆ ಕರೀಬ್ಯಾಡ ಅಂತ ಅವನ್ಗೆ ಅಂದೋಳು ನಾನೇ. ಅಂದಿವ್ನಿ, ಇಲ್ಲ ಅನ್ನಲ್ಲ. ತಪ್ಪಾಯ್ತು ಅಂತ ಬರೀಲಾ ಅಜ್ಜಿ ಅಂತ ಇವಳು ಕೇಳ್ತಾವ್ಳೆ. ಬ್ಯಾಡ. ಕಾಗ್ದದಲ್ಲಿ ಬರ್ದು ಕೈ ತೊಳ್ಕೊಂಡ್ರೆ ಆಯ್ತದಾ?

ನೀನು ಬಾ. ಅದು ಒಳಗಡೆ ಕೋಣೇಲದೆ. ಯಾರೂ ಜಗಲಿಗೆ ತರಕೂಡ್ದು ಅಂದಿವ್ನಿ.

ಗುರುಬಸಮ್ಮ
(ಹೆಬ್ಬೆಟ್ಟು ಬೇಡ, ಸಹಿ ಬರುತ್ತೆ ಅಂತ ಅಜ್ಜಿನೇ ಮಾಡಿದ್ದು)

*

ಹನೂರು
13 ನವೆಂಬರ್ 2025

ಶಿವಕುಮಾರ,

ನಿನ್ನೆ ಬಂದಿದ್ದೆ. ನೀನು ಆಫೀಸಿನಲ್ಲಿರುವ ಹೊತ್ತು ನೋಡಿಯೇ ಬಂದೆ. ನಿಮ್ಮವ್ವ ಕರೆದಿದ್ದರು, ಅವರಿಗಾಗಿ ಬಂದೆ.

ಜಗಲಿಯ ಮೇಲೆ ಕೂತಿದ್ದರು. ‘ನೀನೇ ಏನಪ್ಪ ಶಾಂತರಾಜು? ತಲೆಯೆಲ್ಲ ಬೆಳ್ಳಗಾಗೋಗದೆ’ ಎಂದರು. ‘ನಿಮ್ಗೂ ಅಂಗೇ ಆಗದೆ ಕಣವ್ವ’ ಎಂದೆ. ನಕ್ಕರು. ಎದ್ದು ಮುಂದೆ ನಡೆದರು. ನಾನು ಚಪ್ಪಲಿ ಬಿಟ್ಟು ಸ್ವಲ್ಪ ಹೊತ್ತು ನಿಂತೆ. ಅವರು ತಿರುಗಿ, ‘ಅಲ್ಲೇನ್ ನೋಡೀಯೆ, ಬಾ’ ಎಂದು ಗದರಿದರು.

ಫ್ಯಾನು ಬಿಚ್ಚಿದೆ. ವಿಭೂತಿ ಬೆಂದು ಸುಣ್ಣದ ಹಾಗೆ ಹಿಡಿದಿತ್ತು. ಒರೆಸುವಾಗ ಅವರಿಗೆ ಸಂಕಟ ಆಯಿತು. ‘ಪೂರಾ ಅಳಿಸಬೇಕೇನಪ್ಪ?’ ಎಂದರು. ಹೂಂ ಎಂದೆ. ಪೇಸ್ಟಿನ ಗೆರೆ ಎಳೆದೆ. ‘ನೀನೂ ಬಿಳೀದೇ ಎಳೀತಿದ್ದೀಯಲ್ಲ’ ಎಂದು ಸಮಾಧಾನ ಮಾಡಿಕೊಂಡರು. ಆಮೇಲೆ ‘ಈಗ ನಾನು ಎಲ್ಲಿ ಇಕ್ಕಲಿ?’ ಎಂದು ಕೇಳಿದರು. ಕ್ಯಾಬಿನೆಟ್ಟಿನ ಹೊರಮೈ ತೋರಿಸಿದೆ. ಅಲ್ಲಿ ಇಟ್ಟಿದ್ದಾರೆ, ನೋಡಿರುತ್ತೀಯ. ಊಟ ಮಾಡಿಸಿಯೇ ಕಳಿಸಿದರು.

ನಲವತ್ತು ನಿಮಿಷ ಆಟ ಓಡಿಸಿ ನೋಡಿದೆ. ಆರಲಿಲ್ಲ.

ಆ ಕೋಣೆಗೆ ನಾನು ಹೋದದ್ದು ಅದೇ ಮೊದಲು. ಎರಡು ಕಿಟಕಿ ಇವೆ. ಗಾಳಿ ಚೆನ್ನಾಗಿ ಬರುತ್ತದೆ.

ಎರಡನೆಯ ಕಂಟ್ರೋಲರ್ ಒಂದು ತಂದಿದ್ದೆ. ಬ್ಯಾಗಿನಿಂದ ತೆಗೆಯಲಿಲ್ಲ. ವಾಪಸು ತಂದು ಅಂಗಡಿಯಲ್ಲಿಟ್ಟಿದ್ದೇನೆ.

ಶಾಂತರಾಜು

*

ಅಗರ
16 ನವೆಂಬರ್ 2025

ಶಾಂತರಾಜು,

ನಿನ್ನೆ ಇಬ್ಬರು ಆಡುವ ಆಟ ಹಾಕಿದೆ. ಪರದೆ ಎರಡು ಭಾಗವಾಯಿತು. ನಾನು ಎಡಗಡೆಯ ಅಕ್ಷರಗಳನ್ನು ಹಿಡಿದೆ, ಬಾಣದ ಕೀಲಿಗಳನ್ನು ಮುಟ್ಟಲಿಲ್ಲ. ನನ್ನ ಕಾರು ಮೂರು ಸುತ್ತು ಬಂತು. ಬಲಗಡೆಯ ಕಾರು ಹೊರಡುವ ಗೆರೆಯ ಮೇಲೆ ಇಂಜಿನ್ ಆನ್ ಮಾಡಿಕೊಂಡು ನಿಂತೇ ಇತ್ತು. ಪ್ರತಿ ಸುತ್ತಿಗೂ ಅದನ್ನು ದಾಟಿ ಹೋಗಬೇಕಾಯಿತು. ಎಂಟು ನಿಮಿಷ ಕಳೆಯಿತು, ಇಪ್ಪತ್ತು ಕಳೆಯಿತು. ಯಂತ್ರ ಆರಲಿಲ್ಲ. ನಾನೇ ಎದ್ದುಬಿಟ್ಟೆ.

ಇದು ಐದನೆಯ ಹಾಳೆ. ಹರಿಯುವುದಿಲ್ಲ.

ಆವತ್ತು ಸಂಕ್ರಾಂತಿಗೆ ಎರಡು ದಿನ ಇತ್ತು. ಅವ್ವ ಕಂಬಳಿ ಹೊದ್ದು ಕೂತಿದ್ದಳು. ಅವಳು ಅಂದದ್ದು ಒಂದೇ ಮಾತು. ಅದಕ್ಕೆ ಇಲ್ಲ ಎನ್ನಬಹುದಿತ್ತು, ನಾನು ಅನ್ನಲಿಲ್ಲ. ಮಾನಿಟರ್ ಎತ್ತಿಕೊಂಡೆ. ಅದರ ಗಾಜು ಅಂಗಿಯ ಮೇಲಿಂದಲೇ ಎದೆಗೆ ತಣ್ಣಗೆ ತಗುಲಿತು. ನಿನ್ನ ಮುಖ ನೋಡಿದ ಮೇಲೆ, ಹೊಸ್ತಿಲಿನಿಂದ ಜಗಲಿಗೆ ನಾಲ್ಕು ಹೆಜ್ಜೆ ಇಡುವುದರಲ್ಲಿ, ಆ ಸೆಕೆಯ ಮಾತನ್ನು ಕಟ್ಟಿದೆ.

ಒಳಗೆ ಸೆಕೆ ಇರಲಿಲ್ಲ.

ಶಿವಕುಮಾರ